ಹೊರಗೆ ಬಿಸಿಯಾಗದ ಪೆಟ್ಟಿಗೆ

ಕಳೆದ ಸಂಚಿಕೆಯಲ್ಲಿ ಮಿಕ್ಸಿ ಜಾರಿನ ಬುಷ್ ಬಗ್ಗೆ ಬರೆದದ್ದಕ್ಕೆ ಅನೇಕ ಸಹೋದರಿಯರು ಪತ್ರ ಬರೆದಿದ್ದಾರೆ. ಒಬ್ಬರು ಮಾತ್ರ ಸ್ವಲ್ಪ ಕೋಪದಿಂದ, "ನಿಮ್ಮ ಅಂಕಣ ಅಡುಗೆಮನೆಯಿಂದ ಹೊರಗೆ ಬರುವುದೇ ಇಲ್ಲವೇ?" ಎಂದು ಕೇಳಿದ್ದಾರೆ. ಸರಿ, ಈ ತಿಂಗಳು ಹೊರಗೆ ಬರುತ್ತೇನೆ. ಬಹಳ ದೂರಕ್ಕೇನಲ್ಲ. ಬಾಪೂಜಿ ನಗರದ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಅಂಗಡಿಯ ಮೇಲಿನ ಸಣ್ಣ ಕೋಣೆಗೆ.

ಆ ಕೋಣೆಯಲ್ಲಿ ನನ್ನ ತಂಗಿಯ ಮಗಳು ಕೆಲಸ ಮಾಡುತ್ತಾಳೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿದ್ದಾಳೆ. ಹಳೆಯ ವಯರ್‌ಲೆಸ್ ಸೆಟ್ಟುಗಳನ್ನು ಬಿಚ್ಚಿ, ಶುಚಿ ಮಾಡಿ, ಕೆಟ್ಟದ್ದನ್ನು ಸರಿಪಡಿಸಿ ಮತ್ತೆ ಮಾರಾಟಕ್ಕೆ ಸಿದ್ಧಪಡಿಸುವುದು ಅವಳ ಕೆಲಸ. ವಯರ್‌ಲೆಸ್ ಎಂದರೆ ಪೊಲೀಸರ ಜೀಪಿನಲ್ಲಿ ಕರಕರ ಸದ್ದು ಮಾಡುತ್ತದಲ್ಲ, ಒಂದು ಬಟನ್ ಒತ್ತಿ ಮಾತನಾಡಿ, ಬಿಟ್ಟು ಕೇಳಿಸಿಕೊಳ್ಳುವುದು, ಅದೇ. ಲಾರಿ ಯಾರ್ಡುಗಳು, ಕಲ್ಲುಗಣಿಗಳು, ದೊಡ್ಡ ಕಾರ್ಖಾನೆಗಳು ಇವತ್ತಿಗೂ ಇದನ್ನು ಬಳಸುತ್ತವೆ. ಮೊಬೈಲ್ ಟವರ್ ಇಲ್ಲದ ಕಡೆಯೂ ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ನೇರವಾಗಿ ಮಾತು ಹೋಗುತ್ತದೆ.

ಒಂದು ಸೆಟ್ಟಿಗೆ ಅವಳಿಗೆ ಸಿಗುವುದು 200 ರೂಪಾಯಿ. ಅವಳ ತಂದೆ ಲೇತ್ ಕೆಲಸಗಾರ. ಬೆನ್ನುನೋವಿನಿಂದ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಮನೆ ಬಾಡಿಗೆಯ ಅರ್ಧ ಭಾಗ ಈಗ ಈ ಹುಡುಗಿಯ ಕೈಯಿಂದ ಬರುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಸಂಗತಿಯಲ್ಲಿ ಅವಳು ಸುಮ್ಮನಿದ್ದಿದ್ದರೆ ಯಾರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಕಾವಲಿಗೆ! ಶಅಬಾನ್ ತಿಂಗಳಿನಲ್ಲಿ ಹನ್ನೆರಡು ಸೆಟ್ಟುಗಳು ಒಟ್ಟಿಗೆ ಬಂದಿದ್ದವು. ಶನಿವಾರದೊಳಗೆ ಮುಗಿಸಬೇಕು. ಸಂಜೆ ತಡವಾಗುತ್ತದೆ. ಮಗಳು ಅಷ್ಟು ಹೊತ್ತು ಒಬ್ಬಳೇ ಇರುವುದು ತಂಗಿಯ ಗಂಡನಿಗೆ ಇಷ್ಟವಿಲ್ಲ. "ಆಪಾ, ನೀವು ಹೋಗಿ ಕೂತುಕೊಳ್ಳಿ" ಎಂದರು. "ಸೆಟ್ಟುಗಳನ್ನು ಮನೆಗೇ ತಂದು ಮಾಡಬಾರದೇ?" ಎಂದು ನಾನು ಹುಡುಗಿಯನ್ನು ಕೇಳಿದೆ. ಅವಳು ಕೂಡಲೇ ತಲೆಯಾಡಿಸಿದಳು.

"ಬೇಡ ಖಾಲಾ. ಲೈಸೆನ್ಸ್ ಇರೋದು ಅಂಗಡಿಯ ಹೆಸರಿಗೆ, ಅಂಗಡಿಯ ವಿಳಾಸಕ್ಕೆ. ನಮ್ಮ ಮನೆಯಲ್ಲಿ ವಯರ್‌ಲೆಸ್ ಸೆಟ್ ಇದೆ ಅಂತ ಯಾರಾದರೂ ಹೇಳಿದರೆ ಏನಾಗುತ್ತೆ ಗೊತ್ತಲ್ಲ."

ಗೊತ್ತು. ನಮ್ಮಂಥವರ ಮನೆಯಲ್ಲಿ ಅಂಥ ವಸ್ತು ಸಿಕ್ಕರೆ ಮೊದಲು ಬರುವುದು ಪ್ರಶ್ನೆಯಲ್ಲ, ಅನುಮಾನ. ಅದಕ್ಕಿಂತ ಮುಖ್ಯವಾಗಿ, ಕಾನೂನು ಎಲ್ಲರಿಗೂ ಒಂದೇ. 1933ರ ವಯರ್‌ಲೆಸ್ ಕಾನೂನಿನ ಕಾಲದಿಂದಲೂ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಂಥ ಸೆಟ್ಟನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೇ ಅಪರಾಧ. 2023ರಲ್ಲಿ ಬಂದ ಹೊಸ ದೂರಸಂಪರ್ಕ ಕಾಯ್ದೆಯೂ ರೇಡಿಯೋ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕೆಂದೇ ಹೇಳುತ್ತದೆ. 2018ರ ನಿಯಮಗಳಲ್ಲಿ ಕೆಲವು ಕಡಿಮೆ ಶಕ್ತಿಯ ಸಣ್ಣ ಸೆಟ್ಟುಗಳಿಗೆ ವಿನಾಯಿತಿ ಸಿಕ್ಕಿದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ, ಅರ್ಧ ವ್ಯಾಟ್ ಮೀರದ ಕೈಸೆಟ್ಟುಗಳು ಈ ಗುಂಪಿಗೆ ಸೇರುತ್ತವೆ. ಮಕ್ಕಳು ಆಟಕ್ಕೆಂದು ವಾಕಿಟಾಕಿ ಕೇಳಿದರೆ, ಆನ್‌ಲೈನಿನಲ್ಲಿ ಅಗ್ಗಕ್ಕೆ ಕಂಡದ್ದನ್ನು ತರಿಸಬೇಡಿ. ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ ಎಂಬುದನ್ನು ಹೇಳದೆಯೇ ಇವನ್ನು ಮಾರುತ್ತಿದ್ದಾರೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ನೋಟಿಸು ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ನಮ್ಮ ಹುಡುಗಿಯ ಮುಂದಿದ್ದದ್ದು ಆಟದ ಸಾಮಾನಲ್ಲ. ವಾಹನಗಳಲ್ಲಿ ಕೂರಿಸುವ 25 ವ್ಯಾಟಿನ ಸೆಟ್ಟುಗಳು. ಕೊಳ್ಳುವ ಲಾರಿ ಯಾರ್ಡಿನವರ ಲೈಸೆನ್ಸಿನ ಪ್ರತಿಯನ್ನು ನೋಡಿಯೇ ಅವಳು ಮೊದಲ ಸ್ಕ್ರೂ ಬಿಚ್ಚಿದ್ದು.

ಹೀಗೆ ಅಸರ್ ನಮಾಝ್ ಮುಗಿಸಿ ನಾನೂ ಅವಳೂ ಹೊರಟೆವು. ಮೈಸೂರು ರಸ್ತೆಯ ಕಡೆಯಿಂದ ಬಸ್ಸುಗಳ ಹಾರ್ನು, ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದು. ನಾನು ತಸ್ಬೀಹ್ ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಅರ್ಧ ಗಂಟೆಯೂ ಆಗಿರಲಿಲ್ಲ, "ಖಾಲಾ, ಇಲ್ಲಿ ಬಂದು ನೋಡಿ" ಎಂದಳು.

ಒಂದು ಸೆಟ್ಟಿನ ಮುಚ್ಚಳ ತೆಗೆದು, ಒಳಗಿನ ಬೋರ್ಡನ್ನು ಮೇಲಕ್ಕೆತ್ತಿದ್ದಳು. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಬೆರಳುಗುರಿನಷ್ಟು ಜಾಗದಲ್ಲಿ ಬಿಳಿಯ ಪದರವೊಂದು ಬಿರುಕು ಬಿಟ್ಟು ನಿಂತಿತ್ತು. ಹಳೆ ಮನೆಯ ಗೋಡೆಯ ಸುಣ್ಣದ ಹಾಗೆ. ಮರದ ಕಡ್ಡಿಯಿಂದ ಮುಟ್ಟಿದಳು. ಪುಡಿಪುಡಿಯಾಗಿ ಉದುರಿತು.

"ಇದು ಥರ್ಮಲ್ ಪೇಸ್ಟ್. ಬೆಣ್ಣೆಯ ಹಾಗೆ ಇರಬೇಕಿತ್ತು."

ಈ ಪೇಸ್ಟು ಏಕೆ ಬೇಕು ಎಂಬುದನ್ನು ಅವಳು ನನಗೆ ಹೇಳಿದ ಕ್ರಮದಲ್ಲೇ ಹೇಳುತ್ತೇನೆ. ಸೆಟ್ಟು ಸುಮ್ಮನೆ ಕೇಳಿಸಿಕೊಳ್ಳುವಾಗ ಬಹಳ ಕಡಿಮೆ ಕರೆಂಟು ಸಾಕು. ಬಟನ್ ಒತ್ತಿ ಮಾತನಾಡಿದಾಗ ಒಳಗಿರುವ ಪವರ್ ಟ್ರಾನ್ಸಿಸ್ಟರ್ ಎಂಬ ಸಣ್ಣ ಬಿಲ್ಲೆ ನಮ್ಮ ಧ್ವನಿಯನ್ನು ಹೊತ್ತ ಅಲೆಗೆ ಬಲ ಕೊಟ್ಟು ಆಂಟೆನಾಕ್ಕೆ ತಳ್ಳುತ್ತದೆ. 25 ವ್ಯಾಟ್ ಹೊರಗೆ ಕಳಿಸಬೇಕಾದರೆ ಬ್ಯಾಟರಿಯಿಂದ ಅದರ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಎಳೆಯುತ್ತದೆ. ಉಳಿದದ್ದೆಲ್ಲ ಬಿಸಿ. ಮನೆಗಳಲ್ಲಿ ರಿಪೇರಿಗೆ ಬಳಸುವ ಸಾಲ್ಡರಿಂಗ್ ಐರನ್ ನೋಡಿದ್ದೀರಲ್ಲ, ಅದು 25 ವ್ಯಾಟಿನಲ್ಲೇ ಸೀಸವನ್ನು ಕರಗಿಸುತ್ತದೆ. ಅಷ್ಟೋ, ಅದಕ್ಕಿಂತ ಹೆಚ್ಚೋ ಬಿಸಿ ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಿಲ್ಲೆಯಲ್ಲಿ ಹುಟ್ಟುತ್ತದೆ. ಆ ಬಿಸಿ ಕೂಡಲೇ ಅಲ್ಯೂಮಿನಿಯಂ ಚೌಕಟ್ಟಿಗೆ ಇಳಿದು, ಅಲ್ಲಿಂದ ಹಿಂಬದಿಯ ರೆಕ್ಕೆಗಳ ಮೂಲಕ ಹೊರಗೆ ಹೋಗಬೇಕು.

"ಸ್ಕ್ರೂ ಹಾಕಿ ಬಿಗಿ ಮಾಡಿದ್ದಾರಲ್ಲ, ಲೋಹಕ್ಕೆ ಲೋಹ ತಾಗಿದೆಯಲ್ಲ, ಇನ್ನೇನು?" ಎಂದೆ.

"ಕರೆಂಟ್ ಒಲೆಯ ಮೇಲೆ ತಳ ಸೊಟ್ಟಗಾದ ಪಾತ್ರೆ ಇಟ್ಟರೆ ನೀರು ಬೇಗ ಕಾಯುತ್ತಾ?"

ಅಷ್ಟೇ ಸಾಕಾಯಿತು ನನಗೆ. ತಳ ಸೊಟ್ಟಗಾದ ಪಾತ್ರೆ ಒಲೆಗೆ ಮೂರು ನಾಲ್ಕು ಕಡೆ ಮಾತ್ರ ತಾಗುತ್ತದೆ. ನಡುವೆಯೆಲ್ಲ ಗಾಳಿ. ನಯವಾಗಿ ಕಾಣುವ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಕಾಣದ ಏರು ತಗ್ಗುಗಳಿರುತ್ತವೆ, ಅಲ್ಲೆಲ್ಲ ಗಾಳಿ ನಿಂತಿರುತ್ತದೆ. ಗಾಳಿ ಬಿಸಿಯನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ. ಚಳಿಗಾಲದಲ್ಲಿ ರಜಾಯಿ ಬೆಚ್ಚಗಿಡುವುದೂ ಹತ್ತಿಯೊಳಗೆ ನಿಂತ ಗಾಳಿಯಿಂದಲೇ. ಆ ಗಾಳಿಯನ್ನು ಹೊರಗೆ ಹಾಕಿ ಜಾಗ ತುಂಬಿಕೊಳ್ಳುವುದು ಪೇಸ್ಟಿನ ಕೆಲಸ. ಸಾಧಾರಣ ಬಿಳಿ ಪೇಸ್ಟು ಗಾಳಿಗಿಂತ ಸುಮಾರು 25-30 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಅದರಲ್ಲಿರುವುದು ಸಿಲಿಕೋನ್ ಎಣ್ಣೆ ಮತ್ತು ಜಿಂಕ್ ಆಕ್ಸೈಡ್ ಪುಡಿ. ಜಿಂಕ್ ಆಕ್ಸೈಡ್ ಎಂದರೆ ಬೇರೇನಲ್ಲ, ಮಕ್ಕಳ ಮೈಕಡಿತಕ್ಕೆ ಹಚ್ಚುವ ಕ್ಯಾಲಮೈನ್ ಲೋಶನ್ನಿನಲ್ಲಿ ಇರುವುದೂ ಅದೇ. (ಹಾಗೆಂದು ಈ ಪೇಸ್ಟನ್ನು ಯಾರೂ ಮಕ್ಕಳಿಗೆ ಹಚ್ಚಬೇಡಿ!)

ವರ್ಷಗಟ್ಟಲೆ ಕಾಯುತ್ತ, ಆರುತ್ತ, ಮತ್ತೆ ಕಾಯುತ್ತ ಇದ್ದರೆ ಆ ಎಣ್ಣೆ ಮೆಲ್ಲಗೆ ಹೊರಗೆ ಜಿನುಗಿಬಿಡುತ್ತದೆ. ಉಳಿಯುವುದು ಪುಡಿ ಮಾತ್ರ. ಪುಡಿ ಬಿರಿಯುತ್ತದೆ, ಬಿರುಕಿಗೆ ಮತ್ತೆ ಗಾಳಿ ಬಂದು ಕೂರುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಹೀಗಾದ ಸೆಟ್ಟನ್ನು ಕೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ. ನಾವಾದರೆ, "ನೋಡಿ, ಎಷ್ಟು ಮಾತನಾಡಿದರೂ ಬಿಸಿಯಾಗುವುದಿಲ್ಲ, ಒಳ್ಳೆಯ ಸೆಟ್ಟು" ಎಂದು ಕೊಂಡು ಬರುತ್ತೇವೆ. ಒಳಗಿನ ಬಿಸಿ ಹೊರಗೆ ಬರಲು ದಾರಿಯಿಲ್ಲದ್ದರಿಂದ ಹೊರಮೈ ತಣ್ಣಗಿರುತ್ತದೆ. ಒಳಗೆ ಟ್ರಾನ್ಸಿಸ್ಟರ್ ಬೇಯುತ್ತಿರುತ್ತದೆ. ಪೇಸ್ಟು ಸರಿಯಿರುವ ಸೆಟ್ಟು ಮಾತನಾಡಿದಂತೆಲ್ಲ ಹಿಂಬದಿಯಲ್ಲಿ ಚೆನ್ನಾಗಿ ಬಿಸಿಯಾಗಬೇಕು. ನನ್ನ ಪರಿಚಯದ ಕೆಲವು ಹೆಂಗಸರ ನೆನಪು ಬಂತು, ಆದರೆ ಅದು ಇನ್ನೊಂದು ಅಂಕಣದ ವಿಷಯ.

ಹುಡುಗಿ ಮಾಲೀಕರನ್ನು ಮೇಲೆ ಕರೆದಳು. ಅವರು ಕೆಟ್ಟವರಲ್ಲ. ಹಜ್ ಮಾಡಿ ಬಂದವರು, ಪಕ್ಕದ ಮನೆಯವರ ಕಷ್ಟಕ್ಕೆ ಆಗುವವರು. ಆದರೆ ವ್ಯಾಪಾರ ವ್ಯಾಪಾರವೇ. ಬಿಳಿ ಪುಡಿಯನ್ನು ನೋಡಿ ಕೈ ಬೀಸಿದರು.

"ಬೇಟಿ, ಸೆಟ್ಟು ಮಾತಾಡುತ್ತೆ ತಾನೇ? ನಾನೇ ನಿನ್ನೆ ಹತ್ತು ಸೆಕೆಂಡು ಒತ್ತಿ ನೋಡಿದೀನಿ. ಮೀಟರಿನಲ್ಲಿ ಪೂರ್ತಿ ಪವರ್ ತೋರಿಸಿತು. ಮೇಲೆ ಒರೆಸು, ಹೊಸ ಮೈಕ್ ಹಾಕು, ಕಳಿಸು. ಹನ್ನೆರಡನ್ನೂ ಬಿಚ್ಚುತ್ತಾ ಕೂತರೆ ಶನಿವಾರ ಹೋಗಲಿ, ಈದ್‌ಗೂ ಆಗಲ್ಲ."

"ಚಾಚಾ, ಹತ್ತು ಸೆಕೆಂಡು ಎಲ್ಲ ಸೆಟ್ಟೂ ಮಾತಾಡುತ್ತೆ. ಎರಡು ನಿಮಿಷ ನೋಡಿ."

ಇನ್ನೊಂದು ಸೆಟ್ಟನ್ನು, ಬಿಚ್ಚದೆ ಇದ್ದದ್ದನ್ನು, ಡಮ್ಮಿ ಲೋಡ್ ಎಂಬ ಉಪಕರಣಕ್ಕೆ ಜೋಡಿಸಿದಳು. ಆಂಟೆನಾದ ಬದಲಿಗೆ ಇದನ್ನು ಹಾಕಿದರೆ ಶಕ್ತಿಯೆಲ್ಲ ಅದರೊಳಗೇ ಬಿಸಿಯಾಗಿ ಕರಗುತ್ತದೆ, ಯಾರ ಮಾತಿಗೂ ಅಡ್ಡಿಯಾಗುವುದಿಲ್ಲ. ಆಂಟೆನಾವೂ ಇಲ್ಲದೆ, ಇದೂ ಇಲ್ಲದೆ ಬಟನ್ ಒತ್ತಿದರೆ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ನಡುವೆ ವ್ಯಾಟ್ ತೋರಿಸುವ ಮೀಟರ್. ಬಟನ್ ಒತ್ತಿ ಹಿಡಿದಳು. ಮುಳ್ಳು 25ಕ್ಕೆ ಏರಿತು. ಮಾಲೀಕರು ನನ್ನ ಕಡೆ ನೋಡಿ ನಕ್ಕರು. ಅರ್ಧ ನಿಮಿಷ ಅಲ್ಲೇ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಯತೊಡಗಿತು. 22, 20. ಎರಡು ನಿಮಿಷ ಆಗುವ ಹೊತ್ತಿಗೆ 16. ಸೆಟ್ಟು ತನ್ನನ್ನು ತಾನು ಉಳಿಸಿಕೊಳ್ಳಲು ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತಿತ್ತು. ಲಾರಿಯಲ್ಲಿ ಕೂತ ಡ್ರೈವರ್ ಹೀಗಾದಾಗ ಬ್ಯಾಟರಿಯನ್ನು ಬೈಯುತ್ತಾನೆ, ಆಂಟೆನಾ ಬದಲಿಸುತ್ತಾನೆ. ಕಡೆಗೊಂದು ದಿನ ಟ್ರಾನ್ಸಿಸ್ಟರೇ ಸತ್ತುಹೋಗುತ್ತದೆ. ಅದು ಎಲ್ಲಿ ಸಾಯುತ್ತದೋ ಯಾರಿಗೆ ಗೊತ್ತು? ಗಣಿಯ ಇಳಿಜಾರಿನಲ್ಲಿ ಮುಂದಿನ ಲಾರಿಯವನನ್ನು ಎಚ್ಚರಿಸಬೇಕಾದ ಹೊತ್ತಿನಲ್ಲೂ ಸಾಯಬಹುದು.

ಮಾಲೀಕರ ನಗು ನಿಂತಿತ್ತು. ಆದರೂ, "ಹಳೆ ಮಾಲು ಅಂತ ಹೇಳಿಯೇ ಮಾರುತ್ತೇವಲ್ಲ" ಎಂದರು.

"ಹಳೆಯದು ಅಂತ ಹೇಳುತ್ತೀರಿ. ಇದನ್ನು ಹೇಳುತ್ತೀರಾ? 'ಪರೀಕ್ಷಿಸಲಾಗಿದೆ' ಅಂತ ಚೀಟಿ ಮೇಲೆ ಸಹಿ ಮಾಡೋದು ನಾನು, ಚಾಚಾ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈ ಹುಡುಗಿ ಇವತ್ತು ಕೆಲಸ ಕಳೆದುಕೊಂಡೇ ಮನೆಗೆ ಬರುತ್ತಾಳೆ ಎಂದುಕೊಂಡೆ. ತಂಗಿಗೆ ಏನು ಹೇಳಲಿ? ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವಳ ಮೇಲೆ ಸಿಟ್ಟೇ ಬಂದಿತ್ತು. ಸಹಿ ಹಾಕಿ ಕಳಿಸಿದ್ದರೆ ಏನಾಗುತ್ತಿತ್ತು ಎನಿಸಿತ್ತು.

ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿ ನೋಡಿದ ಪ್ರಸಂಗ ನಾವೆಲ್ಲ ಕೇಳಿ ಬೆಳೆದದ್ದೇ. ಅಬೂ ಹುರೈರಾ(ರ) ವರದಿ ಮಾಡಿರುವ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಅದು. ಮೇಲೆ ಒಣಗಿದ ಧಾನ್ಯ, ಒಳಗೆ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಕಾರಣ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಿ. ಪೇಸ್ಟು ಒಣಗಿದ್ದು ನಮ್ಮ ಮಾಲೀಕರ ತಪ್ಪೂ ಅಲ್ಲ. ಎಷ್ಟು ವರ್ಷದಿಂದ ಈ ಹದೀಸನ್ನು ಕೇಳುತ್ತಿದ್ದೇನೆ, ಹೇಳುತ್ತಿದ್ದೇನೆ. ಆದರೆ ಸಿಟ್ಟಿನಲ್ಲಿ ಕುಳಿತಿದ್ದ ನನಗೆ ಅದು ನೆನಪಾಗಲಿಲ್ಲ. ಮನೆಗೆ ಬಂದು ಇಶಾ ನಮಾಝ್ ಆದ ಮೇಲೆ ನೆನಪಾಯಿತು.

ಮಾಲೀಕರು ಕಡೆಗೆ, "ಸರಿ, ಶನಿವಾರದೊಳಗೆ ಮುಗಿಸುವುದಾದರೆ ಮಾಡು. ಆದರೆ ಒಂದು ಪೈಸೆಯೂ ಹೆಚ್ಚು ಕೊಡೋಕಾಗಲ್ಲ" ಎಂದು ಕೆಳಗಿಳಿದು ಹೋದರು. ಹುಡುಗಿ ನನ್ನ ಕಡೆ ತಿರುಗಿ, "ಖಾಲಾ, ತಸ್ಬೀಹ್ ಪಕ್ಕಕ್ಕಿಟ್ಟು ಈ ಕಡೆ ಬನ್ನಿ. ಒರೆಸೋ ಕೆಲಸ ನಿಮ್ಮದು" ಎಂದಳು.

ಹೀಗೆ ಐವತ್ತು ದಾಟಿದ ವಯಸ್ಸಿನಲ್ಲಿ ನಾನು ವಯರ್‌ಲೆಸ್ ಮೆಕ್ಯಾನಿಕ್ಕಿನ ಸಹಾಯಕಿಯಾದೆ.

ಕೆಲಸ ಸುಲಭ, ಆದರೆ ತಾಳ್ಮೆ ಬೇಕು. ಮೊದಲು ಒಣ ಹತ್ತಿ ಬಟ್ಟೆಯಿಂದ ಪುಡಿಯನ್ನು ಒರೆಸಬೇಕು. ಗಟ್ಟಿಯಾಗಿ ಅಂಟಿದ್ದರೆ ಹಳೆಯ ಎಟಿಎಂ ಕಾರ್ಡಿನ ಅಂಚು ಅಥವಾ ಮರದ ಕಡ್ಡಿ. ಚಾಕು, ಸ್ಟೀಲ್ ಉಜ್ಜಿ ಕೂಡದು, ಲೋಹಕ್ಕೆ ಗೀರು ಬಿದ್ದರೆ ಅದೇ ಹೊಸ ಹಳ್ಳವಾಗುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆಯ ತುದಿ ಅದ್ದಿ, ಲೋಹ ಕನ್ನಡಿಯಂತೆ ಆಗುವವರೆಗೆ ಒರೆಸಬೇಕು. ಸೀಮೆಎಣ್ಣೆ ಬೇಡ, ಅದು ಜಿಡ್ಡು ಬಿಡುತ್ತದೆ. ಕಡೆಗೆ ಬೆಳಕಿಗೆ ಹಿಡಿದು ನೋಡಬೇಕು. ಒಂದು ಮರಳಿನ ಕಣ, ಒಂದು ಕೂದಲು ಸಿಕ್ಕಿಕೊಂಡರೂ ಬಿಲ್ಲೆ ಅಷ್ಟು ಎತ್ತರಕ್ಕೆ ನಿಂತುಬಿಡುತ್ತದೆ. ನನ್ನ ಬಿಳಿ ಕೂದಲೊಂದು ಸಿಕ್ಕಿ ಬೈಸಿಕೊಂಡೆ. ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ ಎಂದಳು.

ಈ ಆಲ್ಕೋಹಾಲ್ ಬಾಟಲಿಯನ್ನು ಅವಳು ಬೆರಳುದ್ದದಷ್ಟು ಸಣ್ಣದನ್ನೇ ಇಟ್ಟುಕೊಂಡಿದ್ದಾಳೆ, ಅದನ್ನೂ ಪ್ರತಿ ಬಾರಿ ಮುಚ್ಚಳ ಹಾಕಿ ಕಿಟಕಿಯ ಬಳಿ ಇಡುತ್ತಾಳೆ. ಅದು ಪೆಟ್ರೋಲಿನ ಹಾಗೆ ಬೇಗ ಹೊತ್ತಿಕೊಳ್ಳುವ ವಸ್ತು. ನಮ್ಮ ಬಾಪೂಜಿ ನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ನವೆಂಬರಿನಲ್ಲಿ ಇಲ್ಲೇ ಹೊಸಗುಡ್ಡದಹಳ್ಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಾಗ ಮನೆ ಮನೆಯವರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದ್ದರು. ಆ ಕರಿ ಹೊಗೆ ನೋಡಿದವರು ಯಾರೂ ಇಂಥ ಬಾಟಲಿಯನ್ನು ಒಲೆಯ ಪಕ್ಕ ಇಡುವುದಿಲ್ಲ. ಸ್ಯಾನಿಟೈಸರ್ ಬಾಟಲಿಗಳನ್ನು ಇನ್ನೂ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟಿರುವ ಸಹೋದರಿಯರೂ ಗಮನಿಸಿ.

ಪೇಸ್ಟು ಹಚ್ಚುವ ಕೆಲಸವನ್ನು ಅವಳು ನನಗೆ ಕೊಡಲಿಲ್ಲ. ಒಂದು ಹೆಸರುಕಾಳಿನಷ್ಟು ತೆಗೆದು ಬಿಲ್ಲೆಯ ತಳಕ್ಕೆ ತೆಳ್ಳಗೆ ಎಳೆಯುತ್ತಿದ್ದಳು. ಎಷ್ಟು ತೆಳ್ಳಗೆಂದರೆ ಕೆಳಗಿನ ಲೋಹ ಮಸುಕಾಗಿ ಕಾಣಬೇಕು. ನನಗೆ ಆಶ್ಚರ್ಯ. ಪೇಸ್ಟು ಅಷ್ಟು ಒಳ್ಳೆಯದಾದರೆ ಧಾರಾಳವಾಗಿ ಹಾಕಬಾರದೇ? ಅಲ್ಲೇ ಎಲ್ಲರೂ ತಪ್ಪುವುದಂತೆ. ಪೇಸ್ಟು ಗಾಳಿಗಿಂತ ಉತ್ತಮ, ಆದರೆ ಅಲ್ಯೂಮಿನಿಯಂ ಆ ಪೇಸ್ಟಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಲೋಹಕ್ಕೆ ಲೋಹ ತಾಗುವ ಕಡೆ ತಾಗಲೇಬೇಕು. ಪೇಸ್ಟು ಹಳ್ಳಗಳನ್ನು ಮಾತ್ರ ತುಂಬಬೇಕು. ದಪ್ಪಗೆ ಬಳಿದರೆ ಅದೇ ಕಂಬಳಿಯಾಗುತ್ತದೆ. ಹನ್ನೆರಡರಲ್ಲಿ ಎರಡು ಸೆಟ್ಟುಗಳಿಗೆ ಹಿಂದೆ ಯಾರೋ ಕೇಕಿಗೆ ಕ್ರೀಮ್ ಹಚ್ಚಿದ ಹಾಗೆ ಬಳಿದಿದ್ದರು. ಅವನಿಗೂ ಒಳ್ಳೆಯದು ಮಾಡಬೇಕೆಂಬ ಮನಸ್ಸಿತ್ತೋ ಏನೋ. ಹಲ್ಲಿನ ಪೇಸ್ಟು ಹಾಕುವವರೂ ಇದ್ದಾರಂತೆ, ಅದು ಕೆಲವು ದಿನಗಳಲ್ಲೇ ಒಣಗಿ ಕಲ್ಲಾಗುತ್ತದೆ. ಬೆಳ್ಳಿಯ ಪುಡಿ ಬೆರೆಸಿದ ದುಬಾರಿ ಪೇಸ್ಟೂ ಸಿಗುತ್ತದೆ. ಕೆಲವು ಬಗೆಯದರಲ್ಲಿ ಕರೆಂಟೂ ಹರಿಯಬಹುದು, ಬೋರ್ಡಿನ ಮೇಲೆ ಚೆಲ್ಲಿದರೆ ಶಾರ್ಟ್ ಆಗುತ್ತದೆ. ಈ ಕೆಲಸಕ್ಕೆ ಸಾಧಾರಣ ಬಿಳಿಯದೇ ಸಾಕು.

ಸ್ಕ್ರೂ ಬಿಗಿಯುವುದಕ್ಕೂ ಕ್ರಮವಿದೆ. ಎರಡನ್ನೂ ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಒಂದನ್ನೇ ಪೂರ್ತಿ ಬಿಗಿದರೆ ಬಿಲ್ಲೆ ಓರೆಯಾಗಿ, ಮೇಲಿನ ಪಿಂಗಾಣಿ ಒಡೆಯುತ್ತದೆ.

ಪಿಂಗಾಣಿ ಎಂದದ್ದರಿಂದ ಹನ್ನೊಂದನೇ ಸೆಟ್ಟಿನ ವಿಷಯ ಹೇಳಲೇಬೇಕು. ಬೋರ್ಡು ಎತ್ತಿದ ಕೂಡಲೇ ಹುಡುಗಿ ನನ್ನ ಕೈಯನ್ನು ತಳ್ಳಿಬಿಟ್ಟಳು. ಆ ಸೆಟ್ಟಿನ ಟ್ರಾನ್ಸಿಸ್ಟರಿನ ಬಿಳಿ ಪಿಂಗಾಣಿ ಮೊದಲೇ ಒಡೆದಿತ್ತು, ಸುತ್ತ ಚೂರುಗಳಿದ್ದವು. "ಮುಟ್ಟಬೇಡಿ, ಊದಬೇಡಿ" ಎಂದಳು. ಹಳೆಯ ವಯರ್‌ಲೆಸ್ ಟ್ರಾನ್ಸಿಸ್ಟರುಗಳಲ್ಲಿ ಹಲವನ್ನು ಬೆರಿಲಿಯಂ ಆಕ್ಸೈಡ್ ಎಂಬ ಪಿಂಗಾಣಿಯಿಂದ ಮಾಡಿರುತ್ತಾರೆ. ಅದು ಬಿಸಿಯನ್ನು ಬಹಳ ಚೆನ್ನಾಗಿ ದಾಟಿಸುತ್ತದೆ, ಕರೆಂಟನ್ನು ಬಿಡುವುದಿಲ್ಲ. ಇಡಿಯಾಗಿದ್ದಾಗ ಅಪಾಯವಿಲ್ಲ. ಒಡೆದು, ಉಜ್ಜಿ, ಪುಡಿಯಾಗಿ ಆ ಧೂಳು ಉಸಿರಿನೊಳಗೆ ಹೋದರೆ ಶ್ವಾಸಕೋಶದ ಕಾಯಿಲೆ ಬರಬಹುದು. ಅದೂ ಕೂಡಲೇ ಅಲ್ಲ, ವರ್ಷಗಳ ನಂತರ. ನೋಡುವುದಕ್ಕೆ ಸಾಧಾರಣ ಪಿಂಗಾಣಿಯಂತೆಯೇ ಇರುತ್ತದೆ, ಗುರುತು ಹಿಡಿಯಲಾಗುವುದಿಲ್ಲ. ಆದ್ದರಿಂದ ಒಡೆದದ್ದನ್ನೆಲ್ಲ ಅಪಾಯವೆಂದೇ ತಿಳಿಯುವುದು ಅವಳ ಪದ್ಧತಿ. ಮುಖಕ್ಕೆ ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯನ್ನು ಮೆಲ್ಲಗೆ ಚೂರುಗಳ ಮೇಲೆ ಒತ್ತಿ ತೆಗೆದು, ಬಟ್ಟೆ ಸಮೇತ ಸೆಟ್ಟನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ದೊಡ್ಡದಾಗಿ 'ಬಿಚ್ಚಬಾರದು' ಎಂದು ಬರೆದಳು. ಮೇಜನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಿದಳು. ಅದಕ್ಕೂ ಮೊದಲು ನನ್ನನ್ನು ಹೊರಗೆ ಕಳಿಸಿದ್ದಳು. ಗುಜರಿ ಸಾಮಾನು ಬಿಡಿಸುವ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಕೂತು ಇಂಥ ಬೋರ್ಡುಗಳನ್ನು ಸುತ್ತಿಗೆಯಿಂದ ಕುಟ್ಟುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಆ ಬಿಳಿ ಪಿಂಗಾಣಿ ಕೂರಿಸಿದ ಬಿಲ್ಲೆಗಳನ್ನು ಕುಟ್ಟಬೇಡಿ, ಉಜ್ಜಬೇಡಿ. ಪತ್ರಿಕೆ ಓದದವರಿಗೆ ಓದುವವರು ಹೇಳಿ.

ಎರಡನೆಯ ಸಂಜೆ ಮಗ್ರಿಬ್ ಆದ ಮೇಲೆ ಕೆಲಸ ಸ್ವಲ್ಪ ನಿಧಾನವಾದಾಗ, ಹೆಣ್ಣುಮಗಳಿಗೆ ಈ ವಯರ್‌ಲೆಸ್ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಭಾರತಿ ಪ್ರಸಾದ್ ಅವರ ಹೆಸರು ಹೇಳಿದಳು. ಕಾಲೇಜಿನಲ್ಲಿ ಯಾರೋ ಉಪನ್ಯಾಸಕಿ ಹೇಳಿದ್ದರಂತೆ. ಭಾರತಿಯವರು ಹ್ಯಾಮ್ ರೇಡಿಯೋ ನಡೆಸುವವರು. ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ವಯರ್‌ಲೆಸ್‌ನಲ್ಲಿ ಮಾತನಾಡುವವರು. 2004ರ ಡಿಸೆಂಬರಿನಲ್ಲಿ ಅವರು ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಜಗತ್ತಿನ ಹ್ಯಾಮ್‌ಗಳೊಂದಿಗೆ ಆ ದ್ವೀಪದಿಂದ ಮಾತನಾಡಲೆಂದು ಹೋಗಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟುಗಳಿಂದಲೇ ದ್ವೀಪದ ಸುದ್ದಿ, ಬದುಕಿ ಉಳಿದವರ ಸುದ್ದಿ ಹೊರಗಿನವರಿಗೆ ತಲುಪತೊಡಗಿತು. ಹಾಗೆ ಗಂಟೆಗಟ್ಟಲೆ ಬಟನ್ ಒತ್ತಿ ಮಾತನಾಡುವಾಗ ಸೆಟ್ಟಿನೊಳಗೆ ಎಷ್ಟು ಬಿಸಿ ಹುಟ್ಟಿರಬೇಡ ಎಂದು ಈಗ ನನಗೂ ಯೋಚನೆ ಬರುತ್ತದೆ. ಹ್ಯಾಮ್ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರೂ ಬರೆಯಬಹುದಂತೆ. ನಮ್ಮ ಹುಡುಗಿ ಅರ್ಜಿ ಹಾಕುವ ಯೋಚನೆಯಲ್ಲಿದ್ದಾಳೆ. ಅವಳ ತಾಯಿಗೆ ಇನ್ನೂ ಹೇಳಿಲ್ಲ. ಈ ಅಂಕಣ ಓದಿದರೆ ತಿಳಿಯುತ್ತದೆ!

ಶುಕ್ರವಾರ ರಾತ್ರಿ ಕೆಲಸ ಮುಗಿಯಿತು. ಹನ್ನೆರಡರಲ್ಲಿ ಎಂಟರ ಪೇಸ್ಟು ಒಣಗಿ ಸುಣ್ಣವಾಗಿತ್ತು, ಎರಡಕ್ಕೆ ಕಂಬಳಿಯಂತೆ ಬಳಿದಿದ್ದರು, ಒಂದು ಮಾತ್ರ ಚೆನ್ನಾಗಿತ್ತು. ಚೀಲದಲ್ಲಿ ಕಟ್ಟಿದ್ದು ಹನ್ನೆರಡನೆಯದು. ಚೆನ್ನಾಗಿದ್ದದ್ದನ್ನೂ ಬಿಡದೆ ಒರೆಸಿ ಹೊಸದು ಹಾಕಿದಳು. ಒಮ್ಮೆ ಬಿಚ್ಚಿದ ಮೇಲೆ ಹಳೆ ಪೇಸ್ಟಿನ ಮೇಲೇ ಕೂರಿಸಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹನ್ನೊಂದು ಸೆಟ್ಟುಗಳನ್ನೂ ಮೀಟರಿಗೆ ಜೋಡಿಸಿ ಎರಡೆರಡು ನಿಮಿಷ ಒತ್ತಿ ಹಿಡಿದಳು. ಮುಳ್ಳು 25ರಿಂದ ಅಲುಗಾಡಿದ್ದು ಬಹಳ ಕಡಿಮೆ. ನಾನು ಪ್ರತಿಯೊಂದರ ಹಿಂಬದಿ ಮುಟ್ಟಿ ನೋಡಿದೆ. ಚಹಾ ತುಂಬಿದ ಸ್ಟೀಲ್ ಲೋಟದ ಹಾಗೆ ಬಿಸಿ. ಅಲ್ಹಮ್ದುಲಿಲ್ಲಾಹ್!

ಮಾಲೀಕರು ಹನ್ನೊಂದರ ಲೆಕ್ಕಕ್ಕೆ 2,200 ರೂಪಾಯಿ ಎಣಿಸಿ ಕೊಟ್ಟರು. ಹನ್ನೆರಡನೆಯದನ್ನು ಪಾರ್ಟ್ಸಿಗೆ ಮಾರಬಹುದಿತ್ತು ಎಂದು ಗೊಣಗಿದರು. ಹುಡುಗಿ ಚೀಲದ ಮೇಲಿನ ಬರಹವನ್ನು ತೋರಿಸಿದಳು. ಅವರು ಅದನ್ನು ಎತ್ತಿ ಬೀರುವಿನ ಮೇಲಿಟ್ಟರು. ಅಪಾಯದ ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಅಧಿಕೃತ ಸಂಸ್ಥೆಯವರಿಗೆ ಕೊಡುವುದಾಗಿ ಹೇಳಿದ್ದಾರೆ, ಇನ್ನೂ ಕೊಟ್ಟಿಲ್ಲ. ಹುಡುಗಿ ವಾರಕ್ಕೊಮ್ಮೆ ನೆನಪಿಸುತ್ತಿದ್ದಾಳೆ. ಆ ತಿಂಗಳ ಬಾಡಿಗೆಗೆ 200 ರೂಪಾಯಿ ನಾನು ಸೇರಿಸಿದೆ.

ಮುಚ್ಚಳ ಹಾಕುವ ಮೊದಲು ಅವಳು ಪ್ರತಿ ಸೆಟ್ಟಿನೊಳಗೆ ಒಂದು ಸಣ್ಣ ಚೀಟಿ ಅಂಟಿಸಿದ್ದಳು. ತಾರೀಕು, ಕೆಳಗೆ 'ಪೇಸ್ಟ್ ಬದಲಿಸಿದೆ'. ಒಳಗೆ ಅಂಟಿಸಿದರೆ ಯಾರಿಗೆ ಕಾಣುತ್ತದೆ ಎಂದು ಕೇಳಿದ್ದೆ. "ಮುಂದೆ ಇದನ್ನು ಬಿಚ್ಚುವವರಿಗೆ, ಖಾಲಾ" ಎಂದಿದ್ದಳು.

ನನ್ನ ತಿಳಿನೀಲಿ ದುಪಟ್ಟಾದ ಅಂಚಿನಲ್ಲಿ ಆ ಬಿಳಿ ಪೇಸ್ಟಿನ ಕಲೆ ಕೂತಿದೆ. ಸೋಪು ಹಾಕಿದೆ, ಬಿಸಿನೀರು ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಹೋಗಲಿಲ್ಲ. ಉಪಾಯ ತಿಳಿದ ಸಹೋದರಿಯರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.